ಕಾಡಿಲ್ಲದ ಉಷ್ಣವಲಯ

ನಮ್ಮ ಕಡೆ ಸಾಲಿ ಗ್ಯಾದರಿಂಗ್ ಹೆಂಗಿರ್ತೈತಿ ಅಂತ ಹೊಸದಾಗಿ ಹೇಳೋದು ಬ್ಯಾಡ, ಕಾರ್ಡಿನಾಗ ಸಂಜಿ ಆರು ಗಂಟೆ ಅಂತಿರ್ತೈತಿ, ಅತಿಥಿಗಳ ಭಾಷಣ ಸನ್ಮಾನ ಎಲ್ಲಾ ಮುಗಿಯೋದ್ರಾಗ ಎಂಟೂವರಿ, ಅಷ್ಟೊತ್ತಿಗೆ ಮೇಕಪ್ ಹಚ್ಕೊಂಡ ಸಣ್ಣ ಹುಡುಗ್ರು ಕುಂತಲ್ಲೇ ತೂಕಡಿಸ್ತಿರ್ತಾವ. ಅಕ್ಕನ ಮಗಳ ಸಾಲ್ಯಾಗ ಈ ಸಲ ಥೀಮ್ ಇತ್ತು, ‘ಜಗತ್ತಿನ ಸಂಸ್ಕೃತಿಗಳು’ ಅಂತ. ಭಾಂಗ್ಡಾ ಆತು, ಬೀಸಣಿಗಿ ಹಿಡ್ಕೊಂಡು ಜಪಾನ್ ಆತು, ಆಮ್ಯಾಲ ಮೈಕಿನಾಗ ‘ಈಗ ಆಫ್ರಿಕಾ ದೇಶದ ನೃತ್ಯ’ ಅಂತ ಕೂಗಿದ್ರು. ನಾಕನೇ ಕ್ಲಾಸಿನ ಹುಡುಗ್ರು ಮೈಕೈಗೆಲ್ಲ ಕಪ್ಪು ಬಳಕೊಂಡು, ಸೊಂಟಕ್ಕ ಬೇವಿನ ತೊಪ್ಪಲ ಕಟ್ಕೊಂಡು, ಥರ್ಮಾಕೋಲ್ ಭರ್ಚಿ ಹಿಡ್ಕೊಂಡು ಬಂದು ಹೂ ಹಾ ಅಂತ ಕುಣದ್ರು. ಮಂದಿ ಬಿದ್ದು ಬಿದ್ದು ನಕ್ರು, ಸೀಟಿ ಹೊಡದ್ರು, ಒನ್ಸ್ ಮೋರ್ ಅಂದ್ರು. ಹುಡುಗ್ರದೇನು ತಪ್ಪಿಲ್ಲ, ಚೊಲೋನ ಕುಣದ್ರು. ಆದ್ರ ಮನಿಗೆ ಬರೋ ಮುಂದ ಬೈಕ್ ಹಿಂದ ಕುಂತಿದ್ದ ಅಕ್ಕನ ಮಗಳು, ಆರನೇ ಕ್ಲಾಸ್ ಓದಾಕಿ, ಕೇಳಿದ್ಲು, ‘ಮಾಮಾ, ಅಲ್ಲಿ ಮಂದಿ ಮನಿ ಕಟ್ಕೊಂತಾರೋ, ಇಲ್ಲಾ ಗಿಡದ ಮ್ಯಾಲ ಇರ್ತಾರೋ?’

ಇಕಿ ದಡ್ಡಿ ಅಲ್ಲ. ರಾಜಧಾನಿಗಳ ಹೆಸರು ಕೇಳ್ರಿ, ಪಟಪಟ ಹೇಳ್ತಾಳ. ಖಂಡಗಳು, ಮಹಾಸಾಗರಗಳು, ಎಲ್ಲಾ ಬಾಯಿಪಾಠ. ಅಷ್ಟಿದ್ದೂ ಆಕಿ ತಲ್ಯಾಗಿನ ಆ ಜಾಗದಾಗ ಒಂದು ಅಡಗಿ ಮನಿ ಇಲ್ಲ, ಬಸ್ ಸ್ಟ್ಯಾಂಡ್ ಇಲ್ಲ, ಸಂತಿ ಇಲ್ಲ. ಯಾಕಂತ ವಿಚಾರ ಮಾಡಿದ್ರ ಉತ್ತರ ದೂರ ಏನಿಲ್ಲ. ಸ್ಟೇಷನರಿ ಅಂಗಡಿಗೆ ಹೋಗಿ ಪ್ರಾಜೆಕ್ಟಿಗೆ ಹಚ್ಚೋ ಚಿತ್ರ ಕೊಡ್ರಿ ಉಷ್ಣವಲಯದ್ದು ಅಂದ್ರ ಏನು ಕೊಡ್ತಾರ? ಬಣ್ಣದ ಗಿಳಿ, ಅನಕೊಂಡ, ದಟ್ಟ ಹಸಿರು ಕಾಡು, ಮುಖಕ್ಕ ಬಣ್ಣ ಬಳಕೊಂಡ ಒಬ್ಬ ಮನಷ್ಯ. ದಿನಾ ಮಧ್ಯಾಹ್ನ ಗುಡುಗು ಮಳಿ ಬರ್ತೈತಿ, ಸೂರ್ಯನ ಬೆಳಕು ನೆಲಕ್ಕ ಬೀಳಂಗಿಲ್ಲ, ಇಷ್ಟು ಬರದ್ರ ಫುಲ್ ಮಾರ್ಕ್ಸ್. ಸುಳ್ಳೇನಲ್ಲ ಅದು. ಅಮೆಜಾನ್ ಕಾಡು 50 ಲಕ್ಷ ಚದರ ಕಿಲೋಮೀಟರ್ ಮ್ಯಾಲ ಐತಿ, ಕಾಂಗೋದ ಕಾಡು ಐತಿ, ಇಂಡೋನೇಷ್ಯಾದ್ದು ಐತಿ, ಹುಡುಗ್ರು ಅವನ್ನ ತಿಳ್ಕೊಬೇಕು. ಆದ್ರ ಅದು ಉಷ್ಣವಲಯದ ಒಂದು ಮುಖ ಅಷ್ಟ. ವರ್ಷದಾಗ ಎಂಟು ತಿಂಗಳು ಹಳ್ಳದಾಗ ನೀರು ಕಾಣದ ಕುಷ್ಟಗಿ ಹುಡುಗಿಗೆ ಮೊದಲನೇ ಸಲಕ್ಕ ಅದನ್ನ ತೋರಿಸಿದ್ರ ಆಕಿಗೆ ಅದು ಸಿನಿಮಾ ಸೆಟ್ ಆಗಿ ಉಳೀತೈತಿ, ಅಲ್ಲಿ ಮಂದಿ ಎದ್ದು ಚಾ ಕುಡೀತಾರ, ಸಾಲಕ್ಕ ಹೆದರ್ತಾರ, ಮಕ್ಕಳನ್ನ ಬೈತಾರ ಅಂತ ಅನಸೋದ ಇಲ್ಲ.

ಇನ್ನೊಂದು ಏನಂದ್ರ, ಇಕಿ ಸ್ವತಃ ಉಷ್ಣವಲಯದಾಕಿ. ಕರ್ಕಾಟಕ ಸಂಕ್ರಾಂತಿ ವೃತ್ತ 23.5 ಡಿಗ್ರಿಗೆ, ನಾವು 16ಕ್ಕಿಂತ ಕೆಳಗ ಅದೀವಿ. ಮುಂದಿನ ದಿನ ಇದನ್ನ ಹೇಳಿದ್ರ ಆಕಿ ನಂಬಲಿಲ್ಲ. ‘ಇಲ್ಲೆ ಕಾಡೆಲ್ಲೈತಿ?’ ಅಂದ್ಲು.

ನೆರಳಿಲ್ಲದ ಮಧ್ಯಾಹ್ನ

ಬಾಯಿಮಾತಿಗೆ ನಂಬದವ್ರಿಗೆ ತೋರಿಸಬೇಕು. ಮೇ ತಿಂಗಳ ಮೊದಲ ವಾರ ನಮ್ಮ ಕಡೆ ಸೂರ್ಯ ನೆಟ್ಟಗ ತಲಿ ಮ್ಯಾಲ ಬರ್ತಾನ, ಆಗಸ್ಟ್‌ನ್ಯಾಗ ವಾಪಸ್ ಹೋಗೋ ಮುಂದ ಇನ್ನೊಂದು ಸಲ. ಆಗಸ್ಟ್‌ನ್ಯಾಗ ಮೋಡ ಇರ್ತೈತಿ, ಹಿಂಗಾಗಿ ಮೇ ತಿಂಗಳದ್ದ ಪಕ್ಕಾ. ರಜಾ ಇತ್ತು, ಅಕ್ಕನ ಮಕ್ಕಳಿಬ್ರು, ಓಣಿ ಹುಡುಗ್ರು ನಾಕೈದು ಮಂದಿ, ಎಲ್ಲಾರನ್ನೂ ಮಾಳಿಗಿ ಮ್ಯಾಲ ಹತ್ತಿಸಿದೆ. ಅವ್ವ ಕೆಳಗಿಂದ ಒಂದ ಸಮ ಬೈತಿದ್ಲು, ‘ಈ ಬಿಸಲಾಗ ಹುಡುಗ್ರನ್ನ ಸುಡಾಕ ಹತ್ಯಾನ ನೋಡ್ರಿ ಇವ’ ಅಂತ. ಅವಳದೂ ಖರೆ, ಚಪ್ಪಲಿ ಇಲ್ಲದ ಕಾಲಿಡಂಗಿರಲಿಲ್ಲ. ಒಂದು ಉದ್ದನ ಪೌಡರ್ ಡಬ್ಬಿ ನಿಲ್ಲಿಸಿ ಅದರ ನೆರಳಿನ ತುದಿಗೆ ಸೀಮೆಸುಣ್ಣದಲೆ ಗುರ್ತು ಹಾಕ್ಕೋತ ಕುಂತ್ವಿ. ಹನ್ನೆರಡಕ್ಕ ಬೆಳ್ಳಿನಷ್ಟು ನೆರಳಿತ್ತು. ಗಡಿಯಾರದಾಗ ಹನ್ನೆರಡು ಆದ್ರೂ ಸೂರ್ಯಂದು ಇನ್ನೂ ಹನ್ನೆರಡು ಆಗಿರಂಗಿಲ್ಲ, ಯಾಕಂದ್ರ ನಮ್ಮ ಗಡಿಯಾರ ಪೂರ್ವದಾಗ ಅಲಹಾಬಾದ್, ಅಂದ್ರ ಈಗಿನ ಪ್ರಯಾಗರಾಜ್, ಹತ್ರದ ರೇಖೆದ್ದು, ಇಲ್ಲಿಗೆ ಸೂರ್ಯ ಬರೋದ್ರಾಗ ಇಪ್ಪತ್ತು ಇಪ್ಪತ್ತೈದು ನಿಮಿಷ ತಡ. 12:20 ಆಗೋದ್ರಾಗ ನೆರಳು ಡಬ್ಬಿ ಬುಡದಾಗ ಸೇರಿ ಮಾಯ ಆತು. ಹುಡುಗ್ರು ಒಮ್ಮೆ ಡಬ್ಬಿ ನೋಡ್ತಾವ, ಒಮ್ಮೆ ತಮ್ಮ ಕಾಲ ಬುಡ ನೋಡ್ಕೊಂತಾವ. ಒಬ್ಬ ಅಂತೂ ನೆರಳು ಹುಡಕಾಕ ಕೈ ಚಾಚಿ ಗುಂಡಾಕಾರ ತಿರಗಾಕ ಹತ್ತಿದ. ದಿಲ್ಲ್ಯಾಗ ಇದು ಯಾವತ್ತೂ ಆಗಂಗಿಲ್ಲ ಅಂದೆ, ಲಂಡನ್‌ನ್ಯಾಗ ಆಗಂಗಿಲ್ಲ, ಅಮೆರಿಕಾದ ನ್ಯೂಯಾರ್ಕ್‌ನ್ಯಾಗ ಆಗಂಗಿಲ್ಲ. ಎರಡು ಸಂಕ್ರಾಂತಿ ವೃತ್ತಗಳ ನಡುವ ಇರೋ ಊರುಗಳಿಗೆ ಮಾತ್ರ ಇದು ಸಿಗೋದು. ‘ಹಂಗಾರ ನಾವ ಶಾಣ್ಯಾರು’ ಅಂದ ಇನ್ನೊಬ್ಬ. ಶಾಣ್ಯಾತನಕ್ಕೂ ಅದಕ್ಕೂ ಏನು ಸಂಬಂಧ ಗೊತ್ತಿಲ್ಲ, ಆದ್ರ ಖುಷಿ ಆತು.

ಕೆಳಗ ಇಳದು ಬಂದು ಫ್ಯಾನ್ ಹಾಕಿ ಅಟ್ಲಾಸ್ ತಗದ್ವಿ. ನಮ್ಮೂರಿಂದ ಬೆಳ್ಳಿಟ್ಟು ಸೀದಾ ಪಡುವಣಕ್ಕ ಎಳ್ಕೊಂಡು ಹೋಗ್ರಿ, ಇದೇ ನೆರಳಿನ ಆಟ ಇದೇ ವಾರದಾಗ ಇನ್ಯಾರ್ಯಾರ ಊರಾಗ ಆಗ್ತೈತಿ ನೋಡೋಣು ಅಂದೆ. ಧಾರವಾಡ, ಗೋವಾ ದಾಟಿ ಅರಬ್ಬಿ ಸಮುದ್ರ, ಯೆಮನ್ ದೇಶದ ಸನಾ, ಕೆಂಪು ಸಮುದ್ರ ದಾಟಿದ್ರ ಎರಿಟ್ರಿಯಾದ ಅಸ್ಮಾರಾ, ಮುಂದ ಸುಡಾನಿನ ಖಾರ್ಟೂಮ್, ಅಲ್ಲೆ ಎರಡು ನೈಲ್ ಹೊಳಿಗಳು ಕೂಡ್ತಾವ, ಆಮ್ಯಾಲ ಚಾಡ್, ನೈಜರ್, ಮಾಲಿ, ಕೊನಿಗೆ ಸೆನೆಗಲ್ ಅಂಚಿನಾಗ ಅಟ್ಲಾಂಟಿಕ್ ಸಮುದ್ರ. ಅಕ್ಕನ ಮಗಳು ಒಂದು ಗಮನಿಸಿದ್ಲು, ನಾ ಹೇಳಿಕೊಟ್ಟಿದ್ದಲ್ಲ. ‘ಮಾಮಾ, ಆಫ್ರಿಕಾದಾಗ ಈ ಗೆರಿ ಮ್ಯಾಲ ಹಸಿರ ಇಲ್ಲ, ಎಲ್ಲಾ ಹಳದಿ, ಕಂದು.’ ಹೌದವ್ವ. ಸಹಾರಾ ಮರುಭೂಮಿ ಕೆಳಗ, ಕಾಡಿನ ಮ್ಯಾಲ, ನಡುವ ಪಟ್ಟಿ ಹಂಗ ಹಾಸಿರೋ ಈ ಒಣ ಸೀಮೆಗೆ ಸಹೆಲ್ ಅಂತಾರ. ಇದೂ ಉಷ್ಣವಲಯನ. ಮಕ್ಕಳಿಗೆ ಉಷ್ಣವಲಯ ತೋರಿಸೋದಿದ್ರ ನಮ್ಮ ಜಿಲ್ಲಾದವ್ರು ಇಲ್ಲಿಂದ ಶುರು ಮಾಡಬೇಕು ಅಂತ ನಂಗ ಅವತ್ತ ಅನ್ನಿಸಿದ್ದು, ಇವತ್ತಿಗೂ ಹಂಗ ಅನಸ್ತೈತಿ.

(ಗೋವಾದ್ದು ಒಂದು ಮಜಾ ಐತಿ. ಅದೇ ಗೆರಿ ಮ್ಯಾಲ ಇದ್ರೂ ಅಲ್ಲಿ ನಮ್ಮ ನಾಕೈದು ಪಟ್ಟು ಮಳಿ. ಗೆರಿ ಒಂದಾದ್ರ ಹವಾ ಒಂದಾಗಂಗಿಲ್ಲ, ನಡುವ ಘಟ್ಟ ಅಡ್ಡ ನಿಂತೈತಿ ಅಂತ ಹೇಳಾಕ ಇದಕ್ಕಿಂತ ಸಮೀಪದ ಉದಾಹರಣೆ ಬೇಕಾಗಿಲ್ಲ.)

ಸಜ್ಜಿ ಯಾರದು

ಊಟದ ಸುದ್ದಿ ತಗದ್ರ ಯಾವ ಹುಡುಗ್ರೂ ಎದ್ದು ಹೋಗಂಗಿಲ್ಲ. ಅವತ್ತು ಮನ್ಯಾಗ ಸಜ್ಜಿ ರೊಟ್ಟಿ, ಪುಂಡಿ ಪಲ್ಯ. ನಾ ಉಣ್ಣಕೋತ ಹೇಳಿದೆ, ಈ ಸಜ್ಜಿ ಮೂಲದಾಗ ನಮ್ಮದಲ್ಲ, ಈಗ ಬೆಳ್ಳಿಟ್ಟು ನೋಡಿದ್ರೆಲ್ಲ ಆ ಸಹೆಲ್ ಸೀಮೆದ್ದು ಅಂತ. ಮಾಲಿ ದೇಶದ ಉತ್ತರದಾಗ 4000 ವರ್ಷಕ್ಕಿಂತ ಹಿಂದ ಮಂದಿ ಇದನ್ನ ಕಾಡು ಹುಲ್ಲಿನಿಂದ ಪಳಗಿಸಿ ಬೆಳೆದಿದ್ರು, ಅಲ್ಲಿಂದ ಕೈಯಿಂದ ಕೈಗೆ ದಾಟಿ, ಹಡಗಿನಾಗ ಏರಿ 3500 ವರ್ಷದಷ್ಟು ಹಿಂದ ಈ ಕಡೆ ಬಂದು ಬಿಟ್ಟಿತ್ತು. ಜ್ವಾಳ ಸುಡಾನ್ ಕಡೆದ್ದು. ಅಲಸಂದಿ ಆಫ್ರಿಕಾದ್ದು. ಹುಣಸಿ ಗಿಡನೂ ಅಲ್ಲಿಂದ ಬಂದದ್ದು. ಹುಡುಗ್ರು ಬಾಯಾಗಿನ ತುತ್ತು ನಿಲ್ಲಿಸಿ ನೋಡಿದ್ವು, ಆದ್ರ ನಿಜವಾದ ಜಗಳ ತಗದಾಕಿ ಅವ್ವ.

‘ಏನು ಮಾತಾಡ್ತೀಯೋ, ನಮ್ಮ ಅಜ್ಜಿ ಮುತ್ತಜ್ಜಿ ಕಾಲದಿಂದ ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡೀತೀವಿ, ಅದು ಯಾರದೋ ಹೆಂಗಾತು?’

‘ಅಜ್ಜಿ ಕಾಲದ್ದ ಬೇ, ಅದಕ್ಕಿಂತ ಮೊದಲಿನ ಸುದ್ದಿ ಹೇಳಾಕ ಹತ್ತೀನಿ.’

‘ಹಂಗಾರ ಅವ್ರಿಗೆ ರೊಟ್ಟಿ ಬಡಿಯಾಕ ಬರ್ತೈತೇನು?’

ಈ ಪ್ರಶ್ನೆ ಕೇಳಿದ ಕೂಡ್ಲೆ ನಂಗ ತಿಳೀತು, ಭೂಗೋಳ ಕಲಿಸೋದು ಹಿಂಗ ಅಂತ. ಇಲ್ಲ, ಬರಂಗಿಲ್ಲ. ಸಹೆಲ್‌ನ್ಯಾಗ ಸಜ್ಜಿ ರೊಟ್ಟಿ ಬಡಿಯಂಗಿಲ್ಲ. ಮಾಲಿ, ಬುರ್ಕಿನಾ ಫಾಸೊ ಕಡೆ ಸಜ್ಜಿ ಇಲ್ಲಾ ಜ್ವಾಳದ ಹಿಟ್ಟು ಕುದಿಸಿ ತಿರುವಿ ಗಟ್ಟಿ ಮಾಡಿ ‘ತೊ’ ಅಂತ ಮಾಡ್ತಾರ, ಬೆಂಡಿಕಾಯಿ ಸಾರಿನಾಗೋ, ದೊಡ್ಡ ಹುಣಸಿ ಅಂತೀವಲ್ಲ ಸವಣೂರಾಗ ಭಾರಿ ಗಿಡ ಅದಾವಲ್ಲ, ಆ ಬಾವೊಬಾಬ್ ಗಿಡದ ಎಲಿ ಸಾರಿನಾಗೋ ಅದ್ದಿ ತಿಂತಾರ, ಎಲ್ಲಾರೂ ಒಂದ ಬೋಗಾಣ್ಯಾಗ ಬಲಗೈ ಹಾಕಿ. ನೈಜರ್ ಮತ್ತ ನೈಜೀರಿಯಾದ ಹೌಸಾ ಮಂದಿ ‘ಫುರಾ’ ಮಾಡ್ತಾರ. ಪುಂಡಿ ಬಳಗದ್ದ ಒಂದು ಗಿಡದ ಕೆಂಪು ಕಾಯಿ ಸಿಪ್ಪಿ ಕುದಿಸಿ ಸಕ್ರಿ ಹಾಕಿ ಶರಬತ್ ಮಾಡ್ತಾರ, ಸೆನೆಗಲ್‌ನ್ಯಾಗ ಅದು ಬಿಸಾಪ್. ಪುಂಡಿ ಶರಬತ್ ಅಂದ ಕೂಡ್ಲೆ ಅವ್ವ ಮುಖ ಸಿಂಡರಿಸಿದ್ಲು.

ಫುರಾ ಮಾಡೋದು ಕಷ್ಟ ಅಲ್ಲ ಅಂತ ಓದಿದ್ದೆ, ಮುಂದಿನ ಐತಾರ ಹುಡುಗ್ರನ್ನ ಕೂಡಿಸ್ಕೊಂಡು ಮಾಡಿದ್ವಿ. ಸಜ್ಜಿ ಹಿಟ್ಟಿಗೆ ಒಣ ಶುಂಠಿ ಪುಡಿ, ಮೆಣಸಿನ ಪುಡಿ, ಅಂದ್ರ ಕರಿ ಮೆಣಸು, ಹಾಕಿ ನಾದಿ ಉಂಡಿ ಕಟ್ಟಿ ನೀರಾಗ ಕುದಿಸಬೇಕು, ತಗದು ಒಳ್ಳಾಗ ಹಾಕಿ ಕುಟ್ಟಬೇಕು, ಮತ್ತ ಉಂಡಿ ಕಟ್ಟಬೇಕು, ಕುಡಿಯೋ ಮುಂದ ಮಸರಿನಾಗ ಪುಡಿ ಮಾಡಿ ಕಲಿಸಿ ಸಕ್ರಿ ಹಾಕಬೇಕು. ಒಳ್ಳು ಕುಟ್ಟಾಕ ಹುಡುಗ್ರಾಗ ಜಗಳ, ಯಾಕಂದ್ರ ಮಿಕ್ಸರ್ ಬಂದ ಮ್ಯಾಲ ಆ ಒನಕಿ ಮೂಲಿ ಸೇರಿತ್ತು. ಸಣ್ಣಾವ ಒಂದು ಗುಟುಕು ಕುಡದು ‘ಕಡಬು ಒಡದು ಮಜ್ಜಿಗ್ಯಾಗ ಹಾಕಿದಂಗೈತಿ’ ಅಂದ, ಅಕ್ಕನ ಮಗಳು ಎರಡು ಗ್ಲಾಸ್ ಕುಡದ್ಲು. ಅವ್ವ ರುಚಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂಬಲಿ ಮಾಡಾಕ ಬರದವ್ರು ಹಿಂಗ ಮಾಡ್ತಾರ, ಆದ್ರ ಬಿಸಲಿಗೆ ಚೊಲೋ ಅದು’ ಅಂದ್ಲು. ಅವ್ವನ ಬಾಯಿಂದ ಇಷ್ಟು ಹೊಗಳಿಕಿ ಸಿಗೋದು ಸಣ್ಣ ಮಾತಲ್ಲ.

ಇಲ್ಲೊಂದು ಹಳೇ ಕತಿ ಹೇಳಿದೆ ಅವ್ರಿಗೆ. ಇಬ್ನ್ ಬತೂತಾ ಅಂತ ಮೊರಾಕೋದ ಒಬ್ಬ ಪ್ರವಾಸಿ, 14ನೇ ಶತಮಾನದಾವ. ಅವ ನಮ್ಮ ಹೊನ್ನಾವರಕ್ಕೂ ಬಂದು ಇದ್ದು ಹೋಗ್ಯಾನ, ಆಮ್ಯಾಲ 1352ರಾಗ ಸಹಾರಾ ದಾಟಿ ಮಾಲಿಗೂ ಹೋಗ್ಯಾನ. ಅಲ್ಲಿ ಮೊದಲನೇ ಊರಾಗ ಇವನ್ನ ಸತ್ಕಾರಕ್ಕ ಕರದು ಅರ್ಧ ಸೋರೆ ಬುರುಡ್ಯಾಗ ಕುಟ್ಟಿದ ಸಜ್ಜಿಗೆ ಜೇನು, ಹಾಲು ಕಲಿಸಿ ಕೊಟ್ರಂತ. ದೊಡ್ಡ ಔತಣ ಇರ್ತೈತಿ ಅಂತ ಹೋಗಿದ್ದ ಮನಷ್ಯಾಗ ಇಷ್ಟೇನಾ ಅಂತ ಸಿಟ್ಟು ಬಂತು, ಅದನ್ನೂ ಬರದಿಟ್ಟಾನ. ಹುಡುಗ್ರಿಗೆ ಈ ಸಿಟ್ಟು ಭಾಳ ಸೇರಿತು. ಮದುವಿಗೆ ಹೋಗಿ ಊಟ ಸರಿ ಇಲ್ಲ ಅಂತ ಗೊಣಗೋ ಒಬ್ಬ ಮಾಮಾ ಎಲ್ಲಾರ ಮನ್ಯಾಗೂ ಇರ್ತಾನಲ್ಲ.

ನಮ್ಮಂಗ, ಆದ್ರ ಎಲ್ಲಿ ತನಕ

ಮಳಿ ವಿಷಯಕ್ಕ ಬಂದ್ರ ನಮ್ಮ ಹುಡುಗ್ರಿಗೆ ಪಾಠ ಬೇಕಾಗಿಲ್ಲ. ನೈಜರ್ ರಾಜಧಾನಿ ನಿಯಾಮೆದಾಗ ವರ್ಷಕ್ಕ ಬೀಳೋ ಮಳಿ 550 ಮಿಲಿಮೀಟರ್ ಆಸುಪಾಸು, ನಮ್ಮ ಕಡೆ 600ರ ಸುಮಾರು. ಅಲ್ಲೂ ಏಪ್ರಿಲ್ ಮೇ ತಿಂಗಳು ಬೆಂಕಿ, ಅಲ್ಲೂ ಜೂನ್‌ನ್ಯಾಗ ಸಮುದ್ರದ ಕಡೆಯಿಂದ ಮಳಿ ಗಾಳಿ ಬರ್ತೈತಿ, ಸೆಪ್ಟೆಂಬರ್‌ಗೆ ತಿರಗತೈತಿ. ಮೊದಲ ಮಳಿಗೆ ಬಿತ್ತಿ ಆಮ್ಯಾಲ ಮಳಿ ಕೈಕೊಟ್ರ ಮತ್ತ ಬೀಜ ತಂದು ಬಿತ್ತೋದು, ಇದು ಅಲ್ಲಿ ರೈತಗೂ ಗೊತ್ತು, ನಮ್ಮ ಯಲಬುರ್ಗಾ ರೈತಗೂ ಗೊತ್ತು. ಆದ್ರ ನಮಗ ಹಿಂಗಾರಿ ಅಂತ ಇನ್ನೊಂದು ಆಸರ ಐತಿ, ಎರಿ ಹೊಲ ನೀರು ಹಿಡಕೊಂಡು ಚಳಿಗಾಲದಾಗ ಬಿಳಿಜ್ವಾಳ ಬೆಳಸತೈತಿ. ಸಹೆಲ್‌ನ್ಯಾಗ ಬಹಳಷ್ಟು ಉಸುಕು ನೆಲ, ಸೆಪ್ಟೆಂಬರ್ ಮುಗದ್ರ ಮಳಿ ಮುಗೀತು, ಆಮ್ಯಾಲ ನವೆಂಬರ್‌ನಿಂದ ಮಾರ್ಚ್ ತನಕ ಸಹಾರಾದಿಂದ ಹರ್ಮತಾನ್ ಅಂತ ಧೂಳಿನ ಗಾಳಿ ಬೀಸತೈತಿ, ತುಟಿ ಒಡೀತಾವ, ಸೂರ್ಯ ಮಸಕಾಗ್ತಾನ. ಒಂದು ಬೆಳಿ ಮ್ಯಾಲ ವರ್ಷ ಪೂರ್ತಿ ನಿಲ್ಲಬೇಕು. ಈ ವ್ಯತ್ಯಾಸ ತಿಳೀದ ನಮ್ಮಂಗ ನಮ್ಮಂಗ ಅಂತ ಅನ್ಕೋತ ಹೋದ್ರ ಅದೂ ಮೋಸಾನ.

ಹಿಂಗಾಗಿ ಅಲ್ಲಿ ಮಂದಿ ಕಂಡುಕೊಂಡ ಉಪಾಯಗಳನ್ನ ಹುಡುಗ್ರಿಗೆ ಹೇಳೋದು ನಂಗ ಭಾಳ ಇಷ್ಟ. ಅಲ್ಲಿ ಒಂದು ಗಿಡ ಐತಿ, ಜಾಲಿ ಬಳಗದ್ದು, ಹೌಸಾ ಮಂದಿ ಗಾವೋ ಅಂತಾರ. ಎಲ್ಲಾ ಗಿಡ ಮಳಿಗಾಲದಾಗ ಚಿಗತ್ರ ಇದು ಮಳಿಗಾಲದಾಗ ಎಲಿ ಉದುರಿಸಿ ಬೋಳಾಗಿ ನಿಂದರ್ತೈತಿ, ಬ್ಯಾಸಿಗ್ಯಾಗ ಹಸರಾಗತೈತಿ. ರೈತ ಇದನ್ನ ಹೊಲದ ನಡುವ ಬೇಕಂತಲೇ ಬಿಟ್ಟಿರ್ತಾನ. ಯಾಕಿರಬೇಕು ಹೇಳ್ರಿ ಅಂದೆ. ಕುರಿ ಕಾಯೋ ಮನಿ ಹುಡುಗ ಒಬ್ಬ ಥಟ್ ಅಂತ ಹೇಳಿದ, ‘ಬೆಳಿ ಇದ್ದಾಗ ನೆರಳು ಬೀಳಂಗಿಲ್ಲ, ಮೇವು ಇಲ್ಲದಾಗ ಮೇವು ಸಿಗತೈತಿ.’ ಸಾಲ್ಯಾಗ ಹಿಂದಿನ ಬೆಂಚಿನ್ಯಾಗ ಕುಂದ್ರೋ ಹುಡುಗ ಅವ. ಬುರ್ಕಿನಾ ಫಾಸೊದ ಯಾಕೂಬಾ ಸವದೋಗೊ ಅನ್ನೋ ರೈತನ ಸುದ್ದಿನೂ ಅವಗ ಹಿಡಿಸ್ತು. 1980ರ ಸುಮಾರು ಬರಗಾಲದಾಗ ಊರ ಮಂದಿ ನೆಲ ಬಿಟ್ಟು ಹೊಂಟಾಗ ಈತ ಬಿರುಸು ಭೂಮಿಯಾಗ ಬ್ಯಾಸಿಗ್ಯಾಗ ಸಣ್ಣ ಸಣ್ಣ ಗುಣಿ ತೋಡಿ, ತಿಪ್ಪಿ ಗೊಬ್ಬರ ಹಾಕಿ, ಗೆದ್ದಲು ಬಂದು ನೆಲ ತೂತು ಮಾಡೋ ಹಂಗ ಬಿಟ್ಟು, ಮಳಿ ಬಿದ್ದಾಗ ಆ ಗುಣ್ಯಾಗ ನೀರು ನಿಂತು ಸಜ್ಜಿ ಜ್ವಾಳ ಬೆಳೆಯೋ ಹಂಗ ಮಾಡಿದ. ಗುಣಿ ಅವನ ಹಿರೇರದ್ದ, ಇವ ದೊಡ್ಡದು ಮಾಡಿ ಗೊಬ್ಬರ ಸೇರಿಸಿದ. ಮೊದಲು ಹುಚ್ಚ ಅಂದ್ರು ಮಂದಿ. ಅದೇ ಗುಣ್ಯಾಗ ಗಿಡ ಎದ್ದು ಕಾಡಾತು, 2018ರಾಗ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023ರಾಗ ತೀರಿಕೊಂಡ. ಗೆದ್ದಲಿನ ಕೈಲೆ ಕೆಲಸ ಮಾಡಿಸಿದ ಅನ್ನೋದ ಹುಡುಗ್ರಿಗೆ ನಂಬಾಕಾಗಲಿಲ್ಲ, ಗೆದ್ದಲಂದ್ರ ಬಾಗಲ ತಿನ್ನೋದು ಅಷ್ಟ ಗೊತ್ತವ್ರಿಗೆ.

ಕುರಿ ಹುಡುಗ ಇನ್ನೊಂದು ಕೇಳಿದ, ಅಲ್ಲಿ ಕುರಿ ನಿಲ್ಲಿಸ್ತಾರೇನು ಹೊಲದಾಗ ಅಂತ. ನಮ್ಮ ಕಡೆ ಸುಗ್ಗಿ ಆದ ಮ್ಯಾಲ ಕುರಿ ಮಂದಿ ಬಂದು ರಾತ್ರಿ ಹೊಲದಾಗ ಕುರಿ ಹಿಂಡು ನಿಲ್ಲಿಸ್ತಾರಲ್ಲ, ಗೊಬ್ಬರಕ್ಕ, ರೈತ ಅದಕ್ಕ ಕಾಳೋ ರೊಕ್ಕನೋ ಕೊಡ್ತಾನಲ್ಲ, ಅದು. ನಿಲ್ಲಿಸ್ತಾರಪ್ಪ, ಫುಲಾನಿ ಅಂತ ದನಗಾರರು ಅದಾರ, ಸುಗ್ಗಿ ಮುಗದ ಸಜ್ಜಿ ಹೊಲದಾಗ ಅವ್ರ ದನ ಮೇದು ಅಲ್ಲೆ ಗೊಬ್ಬರ ಹಾಕ್ತಾವ. ಮಳಿಗಾಲದಾಗ ಉತ್ತರದ ಹುಲ್ಲುಗಾವಲಿಗೆ ಹೋಗ್ತಾರ, ಆಮ್ಯಾಲ ವಾಪಸ್. ಮಾಲಿಯ ಜಾಫರಬೆ ಅನ್ನೋ ಊರಾಗ ವಾಪಸ್ ಬರೋ ಮುಂದ ಸಾವಿರಾರು ದನಗಳು ನೈಜರ್ ಹೊಳಿ ಈಜಿ ದಾಟ್ತಾವ, ಅವತ್ತು ಜಾತ್ರಿ. ಆ ವಿಡಿಯೋ ತೋರಿಸಿದ್ರ ಅವ ಮತ್ತ ಮತ್ತ ಹಚ್ಚಂದ. ಕೆಲವು ಕಡೆ ದನಗಾರರಿಗೂ ರೈತರಿಗೂ ಬಡಿದಾಟ ಆಗ್ತಾವ ಅಂತನೂ ಹೇಳಿದೆ, ಅದಕ್ಕ ಅವ ‘ಇಲ್ಲೂ ಆಗ್ತಾವ’ ಅಂತ ನಿರಾಳ ಹೇಳಿದ.

ಗ್ಯಾದರಿಂಗ್‌ನ್ಯಾಗ ಸೊಂಟಕ್ಕ ಕಟ್ಟಿದ್ರಲ್ಲ ಬೇವಿನ ತೊಪ್ಪಲ, ಆ ಬೇವು ಮಾತ್ರ ಖರೆ ಅಲ್ಲಿ ಐತಿ. ಸುಮಾರು ನೂರು ವರ್ಷದ ಹಿಂದ ಇಲ್ಲಿಂದ ಹೋಗಿ ಈಗ ಸಹೆಲ್ ಊರುಗಳ ರಸ್ತಿ ಬದಿ ನೆರಳು ಅದರದ. ಸೊಂಟಕ್ಕ ಸುತ್ತಾಕ ಮಾತ್ರ ಅವ್ರಿಗೆ ತೊಪ್ಪಲ ಬೇಕಾಗಿಲ್ಲ. ಆಫ್ರಿಕಾದಾಗ ಹತ್ತಿ ಬೆಳೆಯೋ ಮುಂಚೂಣಿ ದೇಶಗಳಾಗ ಮಾಲಿ ಒಂದು, ಕೈಮಗ್ಗದ ಹತ್ತಿ ಬಟ್ಟಿಗೆ ಎಲಿ ರಸದ ಬಣ್ಣ ಕೊಟ್ಟು, ಕೊಳೆಸಿದ ಕೆಸರಿನಲೆ ಚಿತ್ತಾರ ಬರಿಯೋ ಬೊಗೊಲಾನ್ ಅಲ್ಲಿದ್ದ. ರಾಯಚೂರ ಹತ್ತಿ ಮಾರ್ಕೆಟ್ ನೋಡಿದ ಹುಡುಗ್ರಿಗೆ ಇಷ್ಟು ಹೇಳಿದ್ರ ಸಾಕು.

ಸಮುದ್ರಕ್ಕ ಬೆನ್ನು ಹಾಕಿದ ಹೊಳಿ

ಇಷ್ಟಾದ ಮ್ಯಾಲ ಒಂದು ತೊಂದ್ರೆ ಶುರುವಾತು. ಏನು ಹೇಳಿದ್ರೂ ಹುಡುಗ್ರು ‘ಗೊತ್ತಾತು ಬಿಡ್ರಿ, ಇಲ್ಲಿದ್ದಂಗ’ ಅನ್ನಾಕ ಹತ್ತಿದ್ವು. ಊರ ಮನೆತನಗಳ ವಂಶಾವಳಿ ಹೇಳೋ ಜೇಲಿ ಅನ್ನೋ ಹಾಡುಗಾರರು ಅಲ್ಲಿ ಅದಾರ, 13ನೇ ಶತಮಾನದಾಗ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾತನ ಕತಿ ಇವತ್ತಿಗೂ ಬಾಯಿಲೆ ಹಾಡ್ತಾರ ಅಂದ್ರ, ‘ಹೆಳವರು ಬರ್ತಾರಲ್ಲ ನಮ್ಮ ಮನಿಗೆ, ಹಂಗ’ ಅಂತಾವ. ಖರೆ, ಹೆಳವರು ಬರ್ತಾರ, ಮನೆತನದ ಏಳು ತಲಿ ಹೇಳಿ ಕಾಳು ಇಸಗೊಂಡು ಹೋಗ್ತಾರ. ಅಕ್ಷರ ಬರದ ದರೋಜಿ ಈರಮ್ಮ ಬುರ್ರಕಥಾ ಮಹಾಕಾವ್ಯಗಳನ್ನ ನೆನಪಿಲೆ ಹಾಡ್ತಿದ್ಲು ನಮ್ಮ ಬಳ್ಳಾರಿ ಸೀಮ್ಯಾಗ, 2014ರಾಗ ತೀರಿಕೊಂಡ್ಲು. ಆದ್ರ ಹೋಲಿಕಿ ಅನ್ನೋದು ಬಾಗಲ ತಗಿಯೋ ತನಕ ಬೇಕು, ಒಳಗ ಹೋದ ಮ್ಯಾಲ ಕಣ್ಣು ಬಿಟ್ಟು ಅಲ್ಲಿದ್ದದ್ದ ನೋಡಬೇಕು. ಹಂಗಾಗಿ ಕೋರಾ ನುಡಿಸೋದು ಕೇಳಿಸಿದೆ. ದೊಡ್ಡ ಸೋರೆ ಬುರುಡಿಗೆ ದನದ ಚರ್ಮ ಬಿಗದು, ಉದ್ದನ ಕೋಲು ಹಾಕಿ, 21 ತಂತಿ ಕಟ್ಟಿ ಎರಡೂ ಕೈಯಿಂದ ಮೀಟೋದು. ಇದು ಯಾವದರಂಗೂ ಇಲ್ಲ ಅಂತ ಒಪ್ಪಿಕೊಂಡ್ವು.

ನೈಜರ್ ಹೊಳಿ ಅದಕ್ಕಿಂತ ಚೊಲೋ ಕೆಲಸ ಮಾಡ್ತು. ಅಂಗಳದಾಗ ಸೀಮೆಸುಣ್ಣದಲೆ ಪಶ್ಚಿಮ ಆಫ್ರಿಕಾ ಬರದ್ವಿ, ದೊಡ್ಡದಾಗಿ, ತುಳಸಿ ಕಟ್ಟಿಯಿಂದ ಗೇಟಿನ ತನಕ. ಹೊಳಿ ಹುಟ್ಟೋ ಜಾಗ ಗಿನಿ ದೇಶದ ಗುಡ್ಡ, ಸಮುದ್ರಕ್ಕ ಬರೇ 240 ಕಿಲೋಮೀಟರ್ ದೂರ. ಎಲ್ಲಿ ಹೋಗಬೇಕು ಹೊಳಿ ಹೇಳ್ರಿ ಅಂದ್ರ ಎಲ್ಲಾರೂ ಹತ್ರದ ಸಮುದ್ರಕ್ಕ ಬೆಳ್ಳು ತೋರಿಸಿದ್ರು. ಅದು ಆ ಸಮುದ್ರಕ್ಕ ಬೆನ್ನು ಹಾಕಿ ಸೀದಾ ಮರುಭೂಮಿ ಕಡೆ ಹೋಗ್ತೈತಿ, ಮಾಲಿ ನಡುವ ಬಯಲಾಗ ಹತ್ತಾರು ಕವಲಾಗಿ ಹರಡತೈತಿ, ಟಿಂಬಕ್ಟು ಹತ್ರ ಸಹಾರಾ ಅಂಚು ಮುಟ್ಟಿ, ಅಲ್ಲಿಂದ ತಿರುಗಿ ನೈಜರ್, ನೈಜೀರಿಯಾ ದಾಟಿ ಗಿನಿ ಖಾರಿ ಸೇರತೈತಿ. ಒಟ್ಟು 4180 ಕಿಲೋಮೀಟರ್. ಗಿನಿ ಗುಡ್ಡದಾಗ ಆಗಸ್ಟ್ ಸೆಪ್ಟೆಂಬರ್‌ನ್ಯಾಗ ಬಿದ್ದ ಮಳಿ ನೀರು ಆ ಬಯಲಾಗ ಹರಡಿ ನಿಧಾನ ಸಾಗಿ ಟಿಂಬಕ್ಟು ಕಡೆ ಮುಟ್ಟೋದ್ರಾಗ ಡಿಸೆಂಬರ್, ಜನವರಿ. ಒಂದು ಹನಿ ಮಳಿ ಇಲ್ಲದ ಕಾಲದಾಗ ಹೊಳಿ ತುಂಬಿ ಹರೀತೈತಿ. ಇಲ್ಲಿ ಮಳಿ ಇಲ್ಲದಿದ್ರೂ ಮಲೆನಾಡಾಗ ಹುಯ್ದ್ರ ಮುನಿರಾಬಾದ್ ಡ್ಯಾಮ್ ತುಂಬೋದು ಕಂಡ ಹುಡುಗ್ರು ಇವು, ಅರ್ಧ ತಿಳ್ಕೊಂಡ್ವು, ಆದ್ರ ಮೂರ್ನಾಕು ತಿಂಗಳು ತಡ ಆಗಿ ಬರೋ ಮಹಾಪೂರ ಅವ್ರಿಗೆ ಹೊಸದು. ಅಂಗಳದಾಗ ಬರದ ಹೊಳಿಗೆ ಚೊಂಬಿಲೆ ನೀರು ಬಿಟ್ರು, ಅವ್ವ ಮತ್ತ ಬೈದ್ಲು.

ಆ ಬಯಲಿನ ಜೆನ್ನೆ ಅನ್ನೋ ಊರಾಗ ಒಂದು ಭಾರಿ ಮಸೀದಿ ಐತಿ, ಪೂರ್ತಿ ಮಣ್ಣಿಂದ. ಈಗ ನಿಂತಿರೋದು 1907ರಾಗ ಕಟ್ಟಿದ್ದು. ಗ್ವಾಡಿಯಿಂದ ತಾಳಿ ಜಾತಿ ಗಿಡದ ದಿಮ್ಮಿ ಹೊರಗ ಚಾಚ್ಯಾವ, ಚಂದಕ್ಕೂ ಆತು, ಏರಾಕ ಮೆಟ್ಟಲಾಗಿಯೂ ಆತು. ಪ್ರತಿ ವರ್ಷ ಮಳಿಗಾಲಕ್ಕಿಂತ ಮೊದಲು ಒಂದು ದಿನ ಊರಿಗೆ ಊರ ಸೇರಿ ಅದಕ್ಕ ಹೊಸ ಮಣ್ಣು ಮೆತ್ತತೈತಿ, ಹುಡುಗ್ರು ಹೊಳಿಯಿಂದ ಕೆಸರು ಹೊತ್ತು ಓಡ್ತಾವ, ಗೌಂಡಿಗಳು ದಿಮ್ಮಿ ಏರಿ ಕೈಲೆ ಮೆತ್ತತಾರ. ನಾವು ಸಣ್ಣವ್ರಿದ್ದಾಗ ಮಣ್ಣಿನ ಮಾಳಿಗಿಗೆ ಮುಂಗಾರಿ ಮೊದಲು ಮಣ್ಣು ಹಾಕ್ತಿದ್ವಿ, ಈ ಹುಡುಗ್ರು ಅದನ್ನೂ ನೋಡಿಲ್ಲ, ಎಲ್ಲಾ ಆರ್‌ಸಿಸಿ. ಅವ್ರಿಗೆ ಅವರಜ್ಜನ ಮನಿ ಮತ್ತ ಜೆನ್ನೆ ಎರಡೂ ಸಮ ದೂರ.

ಹಟ್ಟಿ ಬಂಗಾರದ ಗಣಿ ಕಡೆಯಿಂದ ಬಂದಿದ್ದ ಒಬ್ಬ ಹುಡುಗಗ ಮಾನ್ಸಾ ಮೂಸಾನ ಸುದ್ದಿ ಇಟ್ಟಿದ್ದೆ. 1324ರಾಗ ಮಾಲಿಯ ಈ ರಾಜ ಮೆಕ್ಕಾ ಯಾತ್ರಿಗೆ ಹೊಂಟಾವ ಕೈರೋದಾಗ ಎಷ್ಟು ಬಂಗಾರ ಹಂಚಿದ ಅಂದ್ರ ಅಲ್ಲಿ ಬಂಗಾರದ ರೇಟ್ ಬಿದ್ದು ಹೋತು. ‘ಈಗ ಬೀಳಿಸಾಕ ಬರ್ರಿ ಅನ್ನು ಅವಗ’ ಅಂತ ಅಡಗಿ ಮನಿಯಿಂದ ಅಕ್ಕ.

ಮೊಬೈಲ್‌ನ್ಯಾಗ ಕಂಡದ್ದು

ಇಷ್ಟೆಲ್ಲಾ ಕೇಳಿದ ಹುಡುಗಿ ಸುಮ್ಮನಿರ್ತಾಳ? ಮೊಬೈಲ್ ತಗದು ಟಿಂಬಕ್ಟು ಅಂತ ಹುಡುಕಿದ್ಲು, ಬಂದೂಕು ಹಿಡದವ್ರ ಚಿತ್ರ ಬಂದ್ವು. ಇಂಥಾದ್ದನ್ನ ಮಕ್ಕಳಿಗೆ ಹೇಳಬೇಕೋ ಬ್ಯಾಡೋ ಅಂತ ದೊಡ್ಡವ್ರು ತಲಿ ಕೆಡಿಸ್ಕೊಂತೀವಿ. ನನ್ನ ಅಭಿಪ್ರಾಯಕ್ಕ, ಸಜ್ಜಿ ಹೊಲ, ಹೊಳಿ, ಕೋರಾ ಮೊದಲು ಬಂದಿದ್ರ ಬಂದೂಕು ಆಮ್ಯಾಲ ಬಂದ್ರೂ ನಡೀತೈತಿ, ಬಂದೂಕು ಮೊದಲು ಬಂದ್ರ ಬ್ಯಾರೆ ಏನೂ ಒಳಗ ಹೋಗಂಗಿಲ್ಲ. ಹೇಳಿದೆ ಆಕಿಗೆ. 2012ರಿಂದ ಮಾಲಿಯಾಗ ಗದ್ದಲ ನಡದೈತಿ, ಬುರ್ಕಿನಾ ಫಾಸೊ, ನೈಜರ್‌ಗೂ ಹರಡೈತಿ. ಆ ವರ್ಷ ಟಿಂಬಕ್ಟುದಾಗ ಬಂದೂಕು ಹಿಡದವ್ರು ಶತಮಾನಗಳ ಹಿಂದಿನ ಸಂತರ ಗೋರಿಗಳನ್ನ ಹಾರಿ ಗುದ್ದಲಿಲೆ ಒಡದು ಹಾಕಿದ್ರು. ಊರ ಗೌಂಡಿಗಳ 2015ರ ಹೊತ್ತಿಗೆ ಅವನ್ನ ಹಳೇ ಪದ್ಧತಿಲೆ ಮತ್ತ ಕಟ್ಟಿದ್ರು. ಊರಾಗಿದ್ದ ಸಾವಿರಾರು ಹಳೇ ಕೈಬರಹದ ಪುಸ್ತಕಗಳನ್ನ ಮಂದಿ ತಗಡಿನ ಟ್ರಂಕಿನಾಗ ತುಂಬಿ, ಗಾಡ್ಯಾಗ, ದೋಣ್ಯಾಗ ಕದ್ದು ರಾಜಧಾನಿ ಬಮಾಕೊಕ್ಕ ಸಾಗಿಸಿದ್ರು.

‘ಹಂಗಾರ ಅಲ್ಲಿ ಹುಡುಗ್ರು ಸಾಲಿಗೆ ಹೋಗ್ತಾರೇನು ಮಾಮಾ?’

ಊರ ಮ್ಯಾಲ ಹೋಗ್ತೈತಿ, ಶಹರದಾಗ ಹೋಗ್ತಾರ, ಗದ್ದಲ ಇರೋ ಕಡೆ ಸಾವಿರಾರು ಸಾಲಿ ಬಂದ್ ಅದಾವ, ಮಾಸ್ತರು ಹಳ್ಳಿಗೆ ಹೋಗಾಕ ಹೆದರ್ತಾರ ಅಂದೆ.

ಸಣ್ಣಾವ ಫುರಾ ಗ್ಲಾಸ್ ಕೆಳಗಿಟ್ಟು, ‘ಅಂದ್ರ ಅವ್ರಿಗೆ ಯಾವಾಗ್ಲೂ ರಜಾ? ಆರಾಮ ಅದಾರ’ ಅಂದ. ಅಕ್ಕನ ಮಗಳು ಅವನ ತಲಿಗೆ ಒಂದು ಕೊಟ್ಟು, ‘ಕೊರೊನಾದಾಗ ಸಾಲಿ ಬಂದ್ ಆದಾಗ ನೀ ಸಣ್ಣಾವಿದ್ದಿ, ನಿಂಗೇನು ಗೊತ್ತು’ ಅಂತ ಅಂದು, ಬಮಾಕೊದಾಗ ಆರನೇ ಕ್ಲಾಸಿಗೆ ಯಾವ ಯಾವ ವಿಷಯ ಇರ್ತಾವ ಹುಡಕಿ ಹೇಳು ಅಂತ ನನ್ನ ಕೈಯಾಗ ಮೊಬೈಲ್ ಕೊಟ್ಲು.